ಅಂಜೂರ ತಳಿಗಳ ಗುರುತಿಸುವಿಕೆ

ಅಂಜೂರ ತಳಿಗಳ ಗುರುತಿಸುವಿಕೆ ಎಂದರೆ ಹೆಸರು ತಿಳಿಯದ ಅಂಜೂರ ಗಿಡದ ಎಲೆ, ಹಣ್ಣು ಮತ್ತು ಫಲ ಕೊಡುವ ರೀತಿಯನ್ನು ಪರಿಶೀಲಿಸಿ, ಅದು ಯಾವ ತಳಿಗೆ ಸೇರಿದೆ ಎಂದು ನಿರ್ಧರಿಸುವ ವಿಧಾನ. ಅಂಜೂರವು ಮೋರೇಸಿ ಕುಟುಂಬದ ಫೈಕಸ್ ಕುಲಕ್ಕೆ ಸೇರಿದ ಹಣ್ಣಿನ ಗಿಡ. ಇದರ ವೈಜ್ಞಾನಿಕ ಹೆಸರು ಫೈಕಸ್ ಕ್ಯಾರಿಕಾ. ಆಲ, ಅರಳಿ, ಅತ್ತಿ ಮತ್ತು ಬಸರಿ ಮರಗಳೂ ಇದೇ ಕುಲದವು. ಎಲೆಯು ಗಿಡದ ಪ್ರಭೇದವನ್ನು ಸುಲಭವಾಗಿ ತಿಳಿಸುತ್ತದೆ, ಆದರೆ ತಳಿಯನ್ನು ನಿರ್ಧರಿಸಲು ಅದೊಂದೇ ಸಾಲದು. ಅದಕ್ಕೆ ಮಾಗಿದ ಹಣ್ಣಿನ ಹೊರ ಮತ್ತು ಒಳ ಲಕ್ಷಣಗಳನ್ನು ಒಂದಕ್ಕಿಂತ ಹೆಚ್ಚು ಹಂಗಾಮಿನಲ್ಲಿ ನೋಡಬೇಕಾಗುತ್ತದೆ. ಉತ್ತರ ಕರ್ನಾಟಕದ ವಿಜಯಪುರ, ತಿಕೋಟಾ ಮತ್ತು ಬಬಲೇಶ್ವರದಂತಹ ಒಣ ಪ್ರದೇಶಗಳಲ್ಲಿ ಹೊಸದಾಗಿ ಅಂಜೂರ ನೆಡುವವರಿಗೆ ಈ ತಿಳಿವಳಿಕೆಯು ಆರ್ಥಿಕವಾಗಿಯೂ ಮುಖ್ಯವಾಗಿದೆ.

## ಹಿನ್ನೆಲೆ

ಅಂಜೂರವನ್ನು ಸಾಮಾನ್ಯವಾಗಿ ಬೀಜದಿಂದ ಬೆಳೆಸುವುದಿಲ್ಲ. ಬಲಿತ ಕಡ್ಡಿಯನ್ನು ನೆಟ್ಟು ಅಥವಾ ಗೂಟಿ ಕಟ್ಟಿ ಹೊಸ ಗಿಡ ಪಡೆಯಲಾಗುತ್ತದೆ. ಹೀಗೆ ಪಡೆದ ಗಿಡವು ತಾಯಿಗಿಡದ ಯಥಾಪ್ರತಿಯಾಗಿರುತ್ತದೆ. ಆದ್ದರಿಂದ ಒಂದು ತಳಿಯ ಗಿಡಗಳೆಲ್ಲವೂ, ಎಷ್ಟೇ ದೂರದ ಊರುಗಳಲ್ಲಿದ್ದರೂ, ವಂಶಗುಣದಲ್ಲಿ ಬಹುಮಟ್ಟಿಗೆ ಒಂದೇ ಆಗಿರುತ್ತವೆ. ಆದರೆ ತಳಿಯ ಹೆಸರು ಕಡ್ಡಿಯ ಮೇಲೆ ಬರೆದಿರುವುದಿಲ್ಲ. ಕಡ್ಡಿಯು ಕೈಯಿಂದ ಕೈಗೆ ಹೋಗುವಾಗ ಚೀಟಿ ಕಳೆದುಹೋಗುವುದು, ಹೆಸರು ಬದಲಾಗುವುದು, ತಂದ ಊರಿನ ಹೆಸರೇ ತಳಿಯ ಹೆಸರಾಗುವುದು ಸಾಮಾನ್ಯ. ಅಂತಹ ಸಂದರ್ಭದಲ್ಲಿ ಗಿಡವೇ ತನ್ನ ಗುರುತಿಗೆ ಏಕೈಕ ಸಾಕ್ಷಿಯಾಗುತ್ತದೆ.

ಅಂಜೂರ ತಳಿಗಳನ್ನು ವ್ಯವಸ್ಥಿತವಾಗಿ ವಿವರಿಸಿದವರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತೋಟಗಾರಿಕಾ ವಿಜ್ಞಾನಿ ಐರಾ ಕಾಂಡಿಟ್ ಪ್ರಮುಖರು. 1955ರಲ್ಲಿ ಪ್ರಕಟವಾದ ಅವರ ಪ್ರಬಂಧವು ಆರುನೂರಕ್ಕೂ ಹೆಚ್ಚು ತಳಿಗಳನ್ನು ಎಲೆ ಮತ್ತು ಹಣ್ಣಿನ ಲಕ್ಷಣಗಳೊಂದಿಗೆ ದಾಖಲಿಸಿದೆ. 2003ರಲ್ಲಿ ಅಂತರರಾಷ್ಟ್ರೀಯ ಸಸ್ಯ ತಳಿಸಂಪನ್ಮೂಲ ಸಂಸ್ಥೆಯು ಅಂಜೂರದ ಲಕ್ಷಣಗಳನ್ನು ದಾಖಲಿಸಲು ಪ್ರಮಾಣಿತ ಪಟ್ಟಿಯೊಂದನ್ನು ಪ್ರಕಟಿಸಿತು. ಎಲೆಯ ಹಾಲೆಗಳ ಸಂಖ್ಯೆ, ಹಣ್ಣಿನ ಆಕಾರ, ಸಿಪ್ಪೆಯ ಬಣ್ಣ, ತಿರುಳಿನ ಬಣ್ಣ ಮೊದಲಾದವನ್ನು ಎಲ್ಲ ದೇಶಗಳಲ್ಲೂ ಒಂದೇ ರೀತಿಯಲ್ಲಿ ಬರೆದಿಡುವುದು ಇದರ ಉದ್ದೇಶ.

## ವಿಜಯಪುರ ಪರಿಸರದಲ್ಲಿ

ತಿಕೋಟಾ ಪಟ್ಟಣವು ವಿಜಯಪುರ ನಗರದ ಪಶ್ಚಿಮಕ್ಕೆ ಅಥಣಿ ರಸ್ತೆಯಲ್ಲಿಯೂ, ಬಬಲೇಶ್ವರವು ನೈಋತ್ಯಕ್ಕೆ ಜಮಖಂಡಿ ರಸ್ತೆಯಲ್ಲಿಯೂ ಇವೆ. ಹಿಂದೆ ವಿಜಯಪುರ ತಾಲ್ಲೂಕಿನ ಭಾಗವಾಗಿದ್ದ ಇವೆರಡೂ ಈಗ ಪ್ರತ್ಯೇಕ ತಾಲ್ಲೂಕು ಕೇಂದ್ರಗಳಾಗಿವೆ. ಈ ಭಾಗದಲ್ಲಿ ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಮಾತ್ರ. ಡೋಣಿ ನದಿಯ ಬಯಲಿನಲ್ಲಿ ಆಳವಾದ ಎರೆ ಭೂಮಿ ಇದ್ದರೆ, ಎತ್ತರದ ಭಾಗಗಳಲ್ಲಿ ತೆಳುವಾದ ಗರಸು ಮಣ್ಣು ಕಂಡುಬರುತ್ತದೆ.

ಈ ಪ್ರದೇಶವು ದ್ರಾಕ್ಷಿ ಮತ್ತು ಒಣದ್ರಾಕ್ಷಿಗೆ ಹೆಸರಾಗಿದೆ. ದಾಳಿಂಬೆ ಮತ್ತು ಲಿಂಬೆ ಜಿಲ್ಲೆಯ ಇತರ ಮುಖ್ಯ ತೋಟಗಾರಿಕೆ ಬೆಳೆಗಳು. ಇವುಗಳಷ್ಟು ವ್ಯಾಪಕವಾಗಿ ಅಲ್ಲದಿದ್ದರೂ ಅಂಜೂರವನ್ನೂ ಇಲ್ಲಿ ಬೆಳೆಯಲಾಗುತ್ತದೆ. ಒಣ ಹವೆ, ಬಿಸಿಲು ಮತ್ತು ನೀರು ಬಸಿದುಹೋಗುವ ಮಣ್ಣು ಅಂಜೂರಕ್ಕೆ ಹೊಂದುತ್ತವೆ. ನೀರು ನಿಲ್ಲುವ ಎರೆ ಮಣ್ಣು ಮತ್ತು ಹಣ್ಣು ಮಾಗುವ ಕಾಲದ ಮಳೆ ಹೊಂದುವುದಿಲ್ಲ.

ದ್ರಾಕ್ಷಿ ಬೆಳೆಗಾರರಿಗೆ ತಳಿಗಳ ಗುರುತು ಹೊಸ ವಿಷಯವಲ್ಲ. ತಾಸ್-ಎ-ಗಣೇಶ, ಸೋನಾಕಾ ಮತ್ತು ಮಾಣಿಕ್ ಚಮನ್ ಈ ಮೂರೂ ಥಾಮ್ಸನ್ ಸೀಡ್‌ಲೆಸ್ ಎಂಬ ಒಂದೇ ತಳಿಯಿಂದ ಆಯ್ದು ಬೇರ್ಪಡಿಸಿದವು. ಇವುಗಳಲ್ಲಿ ಸೋನಾಕಾವನ್ನು ಮುಖ್ಯವಾಗಿ ಅದರ ನೀಳವಾದ ಕಾಳಿನಿಂದ ಗುರುತಿಸುತ್ತಾರೆ. ಅಂಜೂರದಲ್ಲಿಯೂ ಕೊನೆಯ ತೀರ್ಮಾನವು ಹೀಗೆಯೇ ಹಣ್ಣನ್ನು ಅವಲಂಬಿಸುತ್ತದೆ.

## ಮೊದಲ ಹಂತ: ಪ್ರಭೇದದ ಗುರುತು

ತಳಿಯನ್ನು ಹುಡುಕುವ ಮೊದಲು ಗಿಡವು ಅಂಜೂರವೇ ಎಂದು ಖಚಿತಪಡಿಸಿಕೊಳ್ಳಬೇಕು. ಫೈಕಸ್ ಕುಲದ ಮರಗಳಿಗೆ ಮೂರು ಸಮಾನ ಗುರುತುಗಳಿವೆ. ಎಲೆ ಅಥವಾ ಕಡ್ಡಿಯನ್ನು ಮುರಿದಾಗ ಬಿಳಿ ಹಾಲು ಒಸರುತ್ತದೆ. ಕುಡಿಮೊಗ್ಗನ್ನು ಮುಚ್ಚಿದ ಪೊರೆ ಉದುರಿದಾಗ ಟೊಂಗೆಯ ಸುತ್ತ ಉಂಗುರದಂತಹ ಗುರುತು ಉಳಿಯುತ್ತದೆ. ಹೂಗಳು ಹೊರಗೆ ಕಾಣದೆ, ಕಾಯಿಯಂತೆ ತೋರುವ ಟೊಳ್ಳು ಪುಷ್ಪಮಂಜರಿಯ ಒಳಗೋಡೆಯಲ್ಲಿ ಅಡಗಿರುತ್ತವೆ.

ಈ ಭಾಗದಲ್ಲಿ ಕಾಣಸಿಗುವ ಪ್ರಭೇದಗಳನ್ನು ಹೀಗೆ ಬೇರ್ಪಡಿಸಬಹುದು:

* ಆಲ (ಫೈಕಸ್ ಬೆಂಗಾಲೆನ್ಸಿಸ್): ದಪ್ಪ, ಅಗಲವಾದ, ಮೊಂಡು ತುದಿಯ ಎಲೆ. ಟೊಂಗೆಗಳಿಂದ ಬಿಳಲುಗಳು ಇಳಿಯುತ್ತವೆ. ತೊಟ್ಟಿಲ್ಲದ ಕೆಂಪು ಹಣ್ಣುಗಳು ಎಲೆಯ ಕಂಕುಳಲ್ಲಿ ಜೋಡಿಯಾಗಿರುತ್ತವೆ.
* ಅರಳಿ (ಫೈಕಸ್ ರಿಲಿಜಿಯೋಸಾ): ಹೃದಯಾಕಾರದ ಎಲೆ, ಬಾಲದಂತೆ ನೀಳವಾದ ತುದಿ, ಉದ್ದನೆಯ ತೊಟ್ಟು. ಸಣ್ಣ ಹಣ್ಣುಗಳು ಮಾಗಿದಾಗ ನೇರಳೆ ಬಣ್ಣಕ್ಕೆ ತಿರುಗುತ್ತವೆ.
* ಅತ್ತಿ (ಫೈಕಸ್ ರೆಸಿಮೋಸಾ): ನಯವಾದ, ಸೀಳಿಲ್ಲದ ಎಲೆ. ಹಣ್ಣುಗಳು ಕಾಂಡ ಮತ್ತು ದಪ್ಪ ಟೊಂಗೆಗಳ ಮೇಲೆಯೇ ಗೊಂಚಲಾಗಿ ಬಿಡುತ್ತವೆ. ಮಾಗಿದಾಗ ಕೆಂಪಾಗುತ್ತವೆ.
* ಬಸರಿ (ಫೈಕಸ್ ವೈರೆನ್ಸ್): ಉದ್ದ ತೊಟ್ಟಿನ, ಚಿಕ್ಕ ಚೂಪು ತುದಿಯ ಎಲೆ. ಚಿಗುರು ತಾಮ್ರವರ್ಣದ್ದು. ಹಣ್ಣು ಬಟಾಣಿಗಿಂತ ತುಸು ದೊಡ್ಡದು.
* ಕಾಡತ್ತಿ (ಫೈಕಸ್ ಹಿಸ್ಪಿಡಾ): ಒರಟು ರೋಮದ ಎಲೆಗಳು ಟೊಂಗೆಯ ಮೇಲೆ ಎದುರುಬದುರಾಗಿರುತ್ತವೆ. ಇದು ಹೆಚ್ಚಾಗಿ ಹಳ್ಳದ ದಂಡೆಯಂತಹ ತೇವದ ನೆಲದಲ್ಲಿ ಬೆಳೆಯುತ್ತದೆ.
* ಅಂಜೂರ (ಫೈಕಸ್ ಕ್ಯಾರಿಕಾ): ಅಂಗೈಯಂತೆ ಸೀಳಿದ, ಮೇಲ್ಭಾಗ ಒರಟಾದ ದೊಡ್ಡ ಎಲೆಗಳು ಟೊಂಗೆಯ ಮೇಲೆ ಒಂದಾದ ಮೇಲೊಂದರಂತೆ ಇರುತ್ತವೆ. ಹಣ್ಣುಗಳು ಎಲೆಯ ಕಂಕುಳಲ್ಲಿ ಬಿಡುತ್ತವೆ.

ಮೇಲಿನ ಪಟ್ಟಿಯಲ್ಲಿ ಬಲಿತ ಗಿಡದ ಎಲೆಯು ಬೆರಳುಗಳಂತೆ ಸೀಳಿರುವುದು ಅಂಜೂರದಲ್ಲಿ ಮಾತ್ರ. ಹಿಪ್ಪುನೇರಳೆಯ ಎಲೆಯೂ ಕೆಲವೊಮ್ಮೆ ಸೀಳಿರುತ್ತದೆಯಾದರೂ ಅದರ ಟೊಂಗೆಯಲ್ಲಿ ಉಂಗುರದ ಗುರುತು ಇರುವುದಿಲ್ಲ.

## ಎಲೆಯ ಲಕ್ಷಣಗಳು

ಅಂಜೂರದ ಎಲೆಯಲ್ಲಿ ಬೆರಳಿನಂತೆ ಚಾಚಿದ ಭಾಗವನ್ನು ಹಾಲೆ ಎಂದೂ ಎರಡು ಹಾಲೆಗಳ ನಡುವಿನ ಒಳಬಾಗನ್ನು ಸಂದು ಎಂದೂ ಕರೆಯಬಹುದು. ತಳಿ ಗುರುತಿಸುವಾಗ ಈ ಕೆಳಗಿನ ಅಂಶಗಳನ್ನು ದಾಖಲಿಸಲಾಗುತ್ತದೆ:

* ಹಾಲೆಗಳ ಸಂಖ್ಯೆ: ಸಾಮಾನ್ಯವಾಗಿ 3 ಅಥವಾ 5, ಕೆಲವೊಮ್ಮೆ 7.
* ಸಂದಿನ ಆಳ: ಎಲೆಯ ಅಂಚಿನ ಹತ್ತಿರವೇ ನಿಲ್ಲುತ್ತದೆಯೋ, ನಡುವಿನವರೆಗೆ ಬರುತ್ತದೆಯೋ ಅಥವಾ ಅದನ್ನೂ ದಾಟುತ್ತದೆಯೋ ಎಂಬುದು.
* ನಡುಹಾಲೆಯ ಆಕಾರ: ಕಿರಿದಾಗಿ ನೀಳವಾಗಿದೆಯೋ, ತುದಿಯತ್ತ ಸೌಟಿನಂತೆ ಅಗಲವಾಗಿದೆಯೋ ಎಂಬುದು.
* ಬುಡದ ಆಕಾರ: ತೊಟ್ಟು ಸೇರುವಲ್ಲಿ ಹೃದಯಾಕಾರವಾಗಿದೆಯೋ, ನೇರವಾಗಿ ಕತ್ತರಿಸಿದಂತಿದೆಯೋ ಎಂಬುದು.
* ಅಂಚಿನ ಹಲ್ಲುಗಳು, ಕೆಳಭಾಗದ ರೋಮ ಮತ್ತು ತೊಟ್ಟಿನ ಉದ್ದ.

ಕೆಲವು ತಳಿಗಳಲ್ಲಿ ಎಲೆಯೇ ಬಲವಾದ ಸುಳಿವು ನೀಡುತ್ತದೆ. ಉದಾಹರಣೆಗೆ ಬ್ರನ್ಸ್‌ವಿಕ್ ಎಂಬ ಯುರೋಪಿನ ತಳಿಯ ಹಾಲೆಗಳು ಆಳವಾಗಿ ಸೀಳಿ, ಬೆರಳುಗಳಂತೆ ಕಿರಿದಾಗಿರುತ್ತವೆ. ಆದರೆ ಬಹುತೇಕ ತಳಿಗಳಲ್ಲಿ ಒಂದೇ ಗಿಡದ ಮೇಲೆ ಸೀಳಿಲ್ಲದ, ಮೂರು ಹಾಲೆಯ ಮತ್ತು ಐದು ಹಾಲೆಯ ಎಲೆಗಳು ಒಟ್ಟಿಗೆ ಇರುತ್ತವೆ. ಚಿಗುರಿನ ಬುಡದ ಮೊದಲ ಎಲೆಗಳು ಮತ್ತು ನಡುವಿನ ಎಲೆಗಳು ಆಕಾರದಲ್ಲಿ ಹೊಂದಿಕೆಯಾಗುವುದಿಲ್ಲ. ಎಳೆಯ ಗಿಡ ಹಾಗೂ ಬುಡದಿಂದ ರಭಸವಾಗಿ ಏಳುವ ಚಿಗುರುಗಳ ಎಲೆಗಳು ಬಲಿತ ಗಿಡದ ಎಲೆಗಳಿಗಿಂತ ಭಿನ್ನವಾಗಿರುತ್ತವೆ. ಆದ್ದರಿಂದ ಫಲ ಕೊಡುತ್ತಿರುವ ಟೊಂಗೆಯ ನಡುಭಾಗದಿಂದ, ಗಿಡದ ಎಲ್ಲ ದಿಕ್ಕುಗಳಿಂದ, ಪೂರ್ಣ ಬೆಳೆದ ಹತ್ತಾರು ಎಲೆಗಳನ್ನು ತೆಗೆದು ಅವುಗಳಲ್ಲಿ ಹೆಚ್ಚಾಗಿ ಕಾಣುವ ರೂಪವನ್ನು ಪರಿಗಣಿಸಬೇಕು. ಒಂದೇ ಎಲೆಯ ಚಿತ್ರದಿಂದ ತಳಿಯನ್ನು ಹೆಸರಿಸುವುದು ವಿಶ್ವಾಸಾರ್ಹವಲ್ಲ.

## ಹಣ್ಣಿನ ಲಕ್ಷಣಗಳು

ಹಣ್ಣನ್ನು ಗಿಡದಲ್ಲಿಯೇ ಪೂರ್ಣ ಮಾಗಲು ಬಿಟ್ಟು, ಕತ್ತು ಬಾಗಿ ಮೆತ್ತಗಾದ ಮೇಲೆ ಪರೀಕ್ಷಿಸಬೇಕು. ಬಲಿಯುವ ಮೊದಲು ಕೊಯ್ದ ಕಾಯಿಯಲ್ಲಿ ತಳಿಯ ಸಹಜ ಬಣ್ಣ ಮೂಡಿರುವುದಿಲ್ಲ. ಗಮನಿಸಬೇಕಾದ ಅಂಶಗಳು ಇವು:

* ಆಕಾರ: ದುಂಡು, ಚಪ್ಪಟೆ ದುಂಡು, ಗಂಟೆಯಾಕಾರ ಅಥವಾ ನೀಳ. ತೊಟ್ಟಿನ ಬಳಿಯ ಕತ್ತು ಉದ್ದವೋ ಗಿಡ್ಡವೋ ಎಂಬುದೂ ಮುಖ್ಯ.
* ಸಿಪ್ಪೆ: ಬಣ್ಣ, ದಪ್ಪ, ಉದ್ದುದ್ದ ಏಣುಗಳು, ಸಣ್ಣ ಚುಕ್ಕೆಗಳು ಮತ್ತು ಮಾಗಿದಾಗ ಸಿಪ್ಪೆ ಬಿರಿಯುವ ರೀತಿ.
* ಕಣ್ಣು: ಹಣ್ಣಿನ ತುದಿಯ ರಂಧ್ರ. ಇದು ತೆರೆದಿದೆಯೋ ಮುಚ್ಚಿದೆಯೋ, ಸುತ್ತಲಿನ ಪೊರೆಗಳ ಬಣ್ಣವೇನು ಎಂಬುದನ್ನು ನೋಡಬೇಕು. ತೆರೆದ ಕಣ್ಣಿನ ಹಣ್ಣಿಗೆ ಕೀಟ ಮತ್ತು ಮಳೆನೀರು ಬೇಗ ನುಗ್ಗುತ್ತವೆ.
* ತಿರುಳು: ಉದ್ದಕ್ಕೆ ಎರಡು ಹೋಳು ಮಾಡಿದಾಗ ಕಾಣುವ ಬಣ್ಣ. ಜೇನು ಬಣ್ಣ, ಗುಲಾಬಿ ಮತ್ತು ಗಾಢ ಕೆಂಪು ಮುಖ್ಯ ವರ್ಗಗಳು. ನಡುವಿನ ಟೊಳ್ಳಿನ ಗಾತ್ರವನ್ನೂ ದಾಖಲಿಸಬೇಕು.
* ಬೀಜ: ಪರಾಗಸ್ಪರ್ಶವಾಗದೆ ಬೆಳೆದ ಹಣ್ಣಿನ ಬೀಜಗಳು ಪೊಳ್ಳಾಗಿರುತ್ತವೆ.

ಸಿಪ್ಪೆಯ ಬಣ್ಣಕ್ಕಿಂತ ಸಿಪ್ಪೆ, ತಿರುಳು ಮತ್ತು ಕಣ್ಣು ಈ ಮೂರರ ಸಂಯೋಗ ಹೆಚ್ಚು ಖಚಿತವಾದ ಗುರುತು. ನೇರಳೆ ಸಿಪ್ಪೆಯ ಎರಡು ತಳಿಗಳನ್ನು ತಿರುಳಿನ ಬಣ್ಣವು ಬೇರ್ಪಡಿಸಬಹುದು. ಹಸಿರು ಸಿಪ್ಪೆಯ ಎರಡು ತಳಿಗಳನ್ನು ಕಣ್ಣಿನ ಸ್ವರೂಪವು ಬೇರ್ಪಡಿಸಬಹುದು.

## ಫಲ ಕಟ್ಟುವ ಬಗೆ

ಪರಾಗಸ್ಪರ್ಶದ ಅಗತ್ಯವನ್ನು ಆಧರಿಸಿ ಅಂಜೂರದ ಗಿಡಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿದೆ. *ಕಾಡು ಅಥವಾ ಗಂಡು ಅಂಜೂರ*ದಲ್ಲಿ ಪರಾಗವಿದ್ದು, ಅದರ ಕಾಯಿಯೊಳಗೆ ಅಂಜೂರ ಕಣಜವು ಬೆಳೆಯುತ್ತದೆ. *ಸಾಮಾನ್ಯ ವರ್ಗ*ದ ತಳಿಗಳು ಪರಾಗಸ್ಪರ್ಶವಿಲ್ಲದೆಯೇ ಹಣ್ಣು ಕೊಡುತ್ತವೆ. *ಸ್ಮಿರ್ನಾ ವರ್ಗ*ಕ್ಕೆ ಪರಾಗಸ್ಪರ್ಶ ಕಡ್ಡಾಯ. ಅದಿಲ್ಲದಿದ್ದರೆ ಎಳೆಗಾಯಿಗಳು ಬಾಡಿ ಉದುರುತ್ತವೆ. *ಸ್ಯಾನ್ ಪೆಡ್ರೊ ವರ್ಗ*ದಲ್ಲಿ ಹಳೆಯ ಟೊಂಗೆಯ ಮೊದಲ ಬೆಳೆ ಪರಾಗಸ್ಪರ್ಶವಿಲ್ಲದೆ ಬರುತ್ತದೆ, ಹೊಸ ಟೊಂಗೆಯ ಎರಡನೆಯ ಬೆಳೆಗೆ ಮಾತ್ರ ಅದು ಬೇಕು.

ಅಂಜೂರದ ಪರಾಗಸ್ಪರ್ಶವನ್ನು ಬ್ಲಾಸ್ಟೊಫಾಗಾ ಸೀನಸ್ ಎಂಬ ಸಣ್ಣ ಕಣಜ ನಡೆಸುತ್ತದೆ. ಫೈಕಸ್ ಕುಲದ ಪ್ರಭೇದಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಕಣಜಗಳಿವೆ. ಅತ್ತಿಗೆ ಸೆರಟೊಸೊಲೆನ್ ಫ್ಯೂಸಿಸೆಪ್ಸ್, ಆಲಕ್ಕೆ ಯುಪ್ರಿಸ್ಟಿನಾ ಮಸೋನಿ. ಅತ್ತಿಹಣ್ಣಿನೊಳಗೆ ಹುಳು ಎಂಬ ಜನಜನಿತ ಮಾತಿಗೆ ಇಂತಹ ಕಣಜಗಳೇ ಕಾರಣ. ತೋಟದ ಬದುವಿನಲ್ಲಿ ಅತ್ತಿಮರವಿದ್ದ ಮಾತ್ರಕ್ಕೆ ಅಂಜೂರಕ್ಕೆ ಪರಾಗಸ್ಪರ್ಶವಾಗುವುದಿಲ್ಲ. ದಖನ್ನಿನಲ್ಲಿ ವಾಣಿಜ್ಯ ಬೆಳೆಯಾಗಿ ಸಾಮಾನ್ಯ ವರ್ಗದ ತಳಿಗಳನ್ನೇ ನೆಡಲಾಗುತ್ತದೆ.

ವರ್ಗವನ್ನು ಅರಿಯದೆ ನೆಟ್ಟರೆ ಆಗುವ ನಷ್ಟಕ್ಕೆ ಕ್ಯಾಲಿಫೋರ್ನಿಯಾದ ಅನುಭವ ಪ್ರಸಿದ್ಧ ನಿದರ್ಶನ. 1880ರ ದಶಕದಲ್ಲಿ ಅಲ್ಲಿನ ಬೆಳೆಗಾರರು ತುರ್ಕಿಯ ಸ್ಮಿರ್ನಾ ಪ್ರದೇಶದಿಂದ ಒಣ ಅಂಜೂರಕ್ಕೆ ಹೆಸರಾದ ತಳಿಯ ಕಡ್ಡಿಗಳನ್ನು ತರಿಸಿದರು. ಗಿಡಗಳು ಚೆನ್ನಾಗಿ ಬೆಳೆದರೂ ಕಾಯಿಗಳು ವರ್ಷ ವರ್ಷವೂ ಉದುರಿಹೋದವು. ಗಂಡು ಅಂಜೂರದ ಗಿಡಗಳನ್ನು ಬೆಳೆಸಿ, 1899ರಲ್ಲಿ ಕಣಜವನ್ನು ಅಲ್ಲಿ ನೆಲೆಗೊಳಿಸಿದ ಮೇಲೆಯೇ ಹಣ್ಣು ದೊರೆಯಿತು. ಕಾಯಿ ನಿರಂತರವಾಗಿ ಉದುರುವ, ಆದರೆ ಆರೋಗ್ಯವಾಗಿರುವ ಹೆಸರಿಲ್ಲದ ಗಿಡವನ್ನು ಪರಿಶೀಲಿಸುವಾಗ ಅದು ಸ್ಮಿರ್ನಾ ವರ್ಗದ್ದಾಗಿರುವ ಸಾಧ್ಯತೆಯನ್ನೂ ನೋಡಬೇಕು. ನೀರಿನ ಏರುಪೇರಿನಿಂದಲೂ ಕಾಯಿ ಉದುರುವುದರಿಂದ ಮೊದಲು ಆ ಕಾರಣವನ್ನು ಸರಿಪಡಿಸಿ ನೋಡಬೇಕಾಗುತ್ತದೆ.

## ಕೆಲವು ತಳಿಗಳು

* ಪೂನಾ ಅಂಜೂರ: ಪಶ್ಚಿಮ ಭಾರತದ ಪ್ರಮುಖ ತಳಿ. ಮಧ್ಯಮ ಗಾತ್ರದ ಗಂಟೆಯಾಕಾರದ ಹಣ್ಣು, ತೆಳು ಸಿಪ್ಪೆ, ಕಂದು ಮಿಶ್ರಿತ ನೇರಳೆ ಬಣ್ಣ, ಗುಲಾಬಿಯಿಂದ ಕೆಂಪು ಬಣ್ಣದ ತಿರುಳು. ಹೆಚ್ಚಾಗಿ ತಾಜಾ ಹಣ್ಣಾಗಿ ಬಳಕೆಯಾಗುತ್ತದೆ. ಪುಣೆ ಜಿಲ್ಲೆಯ ಪುರಂದರ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ.
* ದಿನಕರ: ಇಳುವರಿ ಮತ್ತು ಹಣ್ಣಿನ ಗುಣಮಟ್ಟಕ್ಕಾಗಿ ದೌಲತಾಬಾದ್ ಅಂಜೂರದಿಂದ ಆಯ್ದ ತಳಿ. ಮೂಲ ತಳಿಗೆ ನಿಕಟವಾಗಿರುವುದರಿಂದ ಎಲೆಯಿಂದ ಬೇರ್ಪಡಿಸುವುದು ಕಷ್ಟ.
* ಬಳ್ಳಾರಿ ಅಂಜೂರ: ಕರ್ನಾಟಕದ ಮುಖ್ಯ ಅಂಜೂರ ಪ್ರದೇಶಗಳಲ್ಲಿ ಒಂದಾದ ಬಳ್ಳಾರಿಯ ಹೆಸರಿನಲ್ಲಿ ಪ್ರಚಲಿತವಾಗಿದೆ. ಶ್ರೀರಂಗಪಟ್ಟಣದ ಬಳಿಯ ಗಂಜಾಂ ಕೂಡ ಹಿಂದಿನಿಂದ ಅಂಜೂರಕ್ಕೆ ಹೆಸರಾದ ಊರು.
* ಡಿಯಾನಾ: ಅಮೆರಿಕದಿಂದ ಬಂದ ತಳಿ. ದೊಡ್ಡ ಗಾತ್ರದ, ಹಳದಿಯಿಂದ ಹೊಂಬಣ್ಣದ ಸಿಪ್ಪೆಯ ಹಣ್ಣು. ಒಣಗಿಸಲು ಯೋಗ್ಯವೆಂದು ಪರಿಗಣಿತವಾಗಿದೆ.
* ಕೊನಾಡ್ರಿಯಾ: ಐರಾ ಕಾಂಡಿಟ್ ಅಭಿವೃದ್ಧಿಪಡಿಸಿದ ತಳಿ. ತಿಳಿಹಸಿರು ಸಿಪ್ಪೆ, ಗುಲಾಬಿ ತಿರುಳು.
* ಬ್ರೌನ್ ಟರ್ಕಿ: ಕಂದು–ನೇರಳೆ ಸಿಪ್ಪೆ, ಗುಲಾಬಿ ಛಾಯೆಯ ತಿರುಳು.

## ಹೆಸರುಗಳ ಗೊಂದಲ

ಒಂದೇ ತಳಿಗೆ ಹಲವು ಹೆಸರುಗಳಿರುವುದು ಮತ್ತು ಒಂದೇ ಹೆಸರಿನಲ್ಲಿ ಹಲವು ತಳಿಗಳಿರುವುದು ಅಂಜೂರದಲ್ಲಿ ಎಲ್ಲೆಡೆ ಕಂಡುಬರುತ್ತದೆ. ಇಟಲಿಯ ಡೊಟ್ಟಾಟೊ ತಳಿಯೇ ಅಮೆರಿಕದಲ್ಲಿ ಕಡೋಟಾ. ತುರ್ಕಿಯ ಸಾರಿ ಲೋಪ್ ತಳಿಯೇ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಲಿಮಿರ್ನಾ. ಇದಕ್ಕೆ ವಿರುದ್ಧವಾಗಿ, ಇಂಗ್ಲೆಂಡಿನ ಬ್ರೌನ್ ಟರ್ಕಿ ಮತ್ತು ಕ್ಯಾಲಿಫೋರ್ನಿಯಾದ ಬ್ರೌನ್ ಟರ್ಕಿ ಎರಡು ಬೇರೆ ತಳಿಗಳು. ಆದ್ದರಿಂದ ಹೆಸರಿನೊಂದಿಗೆ ಕಡ್ಡಿಯು ಯಾವ ತಾಯಿಗಿಡದಿಂದ ಬಂತು ಎಂಬ ದಾಖಲೆಯೂ ಅಗತ್ಯ. ‘ಪೂನಾ’, ‘ಬಳ್ಳಾರಿ’ ಮೊದಲಾದ ಊರಿನ ಹೆಸರುಗಳು ತಳಿಯನ್ನು ಸೂಚಿಸುತ್ತವೆಯೋ, ಹಣ್ಣು ಅಥವಾ ಕಡ್ಡಿ ಬಂದ ಊರನ್ನು ಮಾತ್ರ ಸೂಚಿಸುತ್ತವೆಯೋ ಎಂದು ಕೇಳಿ ತಿಳಿಯಬೇಕು.

## ದಾರಿ ತಪ್ಪಿಸುವ ಅಂಶಗಳು

ಹಂಗಾಮು: ಪಶ್ಚಿಮ ಭಾರತದಲ್ಲಿ ಅಂಜೂರದ ಮಳೆಗಾಲದ ಬೆಳೆಯನ್ನು ಖಟ್ಟಾ ಬಹಾರ, ಬೇಸಿಗೆಯ ಬೆಳೆಯನ್ನು ಮೀಠಾ ಬಹಾರ ಎಂದು ಕರೆಯುತ್ತಾರೆ. ಮೊದಲನೆಯದರ ಹಣ್ಣು ಸಪ್ಪೆ ಅಥವಾ ಹುಳಿ, ಎರಡನೆಯದು ಸಿಹಿ. ಒಂದೇ ಗಿಡದ ಈ ಎರಡು ಬೆಳೆಗಳನ್ನು ನೋಡಿದವರು ಅವು ಎರಡು ತಳಿಗಳೆಂದು ಭಾವಿಸುವ ಸಾಧ್ಯತೆ ಇದೆ.

ಮಣ್ಣು ಮತ್ತು ನೀರು: ಎರೆ ಭೂಮಿಯಲ್ಲಿ ಹೆಚ್ಚು ನೀರು ಪಡೆದ ಗಿಡ ಮತ್ತು ಗರಸು ನೆಲದಲ್ಲಿ ಹನಿ ನೀರಾವರಿಯಲ್ಲಿ ಬೆಳೆದ ಗಿಡ ಒಂದೇ ತಳಿಯದ್ದಾದರೂ ಎಲೆ ಮತ್ತು ಹಣ್ಣಿನ ಗಾತ್ರದಲ್ಲಿ ಭಿನ್ನವಾಗಿರುತ್ತವೆ. ಗಾತ್ರಕ್ಕಿಂತ ಆಕಾರ ಹೆಚ್ಚು ಸ್ಥಿರವಾದ ಲಕ್ಷಣ.

ಚಾಟನಿ: ಬಲವಾಗಿ ಸವರಿದ ನಂತರ ಬರುವ ಚಿಗುರಿನ ಎಲೆಗಳು ದೊಡ್ಡದಾಗಿದ್ದು ಸೀಳುಗಳು ಬದಲಾಗಿರಬಹುದು.

ರೋಗಗಳು: ಅಂಜೂರದ ಮೊಸಾಯಿಕ್ ನಂಜುರೋಗದಲ್ಲಿ ಎಲೆಗಳ ಮೇಲೆ ಹಳದಿ ಮಚ್ಚೆಗಳು ಮೂಡಿ ಆಕಾರ ವಿಕಾರವಾಗುತ್ತದೆ. ಸೆರೊಟೀಲಿಯಂ ಫೈಸಿ ಶಿಲೀಂಧ್ರದಿಂದ ಬರುವ ತುಕ್ಕುರೋಗವು ಎಲೆಗಳನ್ನು ಕಂದಾಗಿಸಿ ಉದುರಿಸುತ್ತದೆ. ಇವು ತಳಿಯ ಲಕ್ಷಣಗಳಲ್ಲ.

ಬೇರುಸಸ್ಯ: ಅತ್ತಿಯ ಬೇರುಸಸ್ಯದ ಮೇಲೆ ಕಸಿ ಮಾಡಿದ ಗಿಡವಾದರೆ ಕಸಿಗಂಟಿನ ಕೆಳಗಿನ ಚಿಗುರು ಅತ್ತಿಯದ್ದಾಗಿರುತ್ತದೆ. ಅದರ ಎಲೆಯನ್ನು ಗಣನೆಗೆ ತೆಗೆದುಕೊಳ್ಳಬಾರದು.

## ಗುರುತಿಸುವ ಕ್ರಮ

1. ಗಿಡ ನೆಟ್ಟ ವರ್ಷ, ಕಡ್ಡಿ ತಂದ ಸ್ಥಳ ಮತ್ತು ಕಸಿ ಗಿಡವೋ ಅಲ್ಲವೋ ಎಂಬುದನ್ನು ಬರೆದುಕೊಳ್ಳಬೇಕು.
2. ಬಲಿತ ಎಲೆಗಳ ಎರಡೂ ಬದಿಯ ಚಿತ್ರಗಳನ್ನು ಅಳತೆಪಟ್ಟಿಯೊಂದಿಗೆ ತೆಗೆಯಬೇಕು. ಕೆಲವು ಎಲೆಗಳನ್ನು ಕಾಗದದ ನಡುವೆ ಒತ್ತಿ ಒಣಗಿಸಿಡಬಹುದು.
3. ಮಾಗಿದ ಹಣ್ಣನ್ನು ಪಕ್ಕದಿಂದ, ಕಣ್ಣಿನ ಕಡೆಯಿಂದ ಮತ್ತು ಉದ್ದಕ್ಕೆ ಕತ್ತರಿಸಿ ಚಿತ್ರೀಕರಿಸಬೇಕು. ಕತ್ತರಿಸಿದ ಕೂಡಲೇ ತಿರುಳಿನ ಬಣ್ಣವನ್ನು ಬರೆದುಕೊಳ್ಳಬೇಕು.
4. ಹಣ್ಣು ಹಳೆಯ ಟೊಂಗೆಯಲ್ಲಿ ಬಂತೋ ಹೊಸ ಟೊಂಗೆಯಲ್ಲಿ ಬಂತೋ, ಯಾವ ತಿಂಗಳಲ್ಲಿ ಮಾಗಿತು ಎಂಬುದನ್ನು ದಾಖಲಿಸಬೇಕು.
5. ಹೊಂದದ ತಳಿಗಳನ್ನು ಒಂದೊಂದಾಗಿ ಬಿಡುತ್ತಾ ಬರಬೇಕು. ಹೊಂದುವ ಒಂದು ಲಕ್ಷಣಕ್ಕಿಂತ ಹೊಂದದ ಒಂದು ಸ್ಥಿರ ಲಕ್ಷಣ ಹೆಚ್ಚು ನಿರ್ಣಾಯಕ.
6. ಕೊನೆಗೆ ಉಳಿದ ತಳಿಯ ಖಚಿತ ಹೆಸರಿನ ಗಿಡವನ್ನು ಅದೇ ತೋಟದಲ್ಲಿ ಪಕ್ಕದಲ್ಲಿ ಬೆಳೆಸಿ ಹೋಲಿಸುವುದು ಉತ್ತಮ.

ಹೆಸರು ನಿರ್ಧಾರವಾಗುವವರೆಗೆ ಗಿಡಕ್ಕೆ ತೋಟ ಅಥವಾ ಊರಿನ ಹೆಸರಿನೊಂದಿಗೆ ‘ಅಪರಿಚಿತ’ ಎಂದು ಸೇರಿಸಿ ಕರೆಯುವುದು ಸುರಕ್ಷಿತ. ಊಹೆಯ ಹೆಸರಿನಲ್ಲಿ ಕಡ್ಡಿ ಹಂಚಿದರೆ ಆ ತಪ್ಪು ಪ್ರತಿ ಹೊಸ ಗಿಡದೊಂದಿಗೂ ಮುಂದುವರಿಯುತ್ತದೆ. ಹಣ್ಣಿನ ಗುಣ ಚೆನ್ನಾಗಿದ್ದರೆ ಹೆಸರು ಗೊತ್ತಿಲ್ಲದಿದ್ದರೂ ಆ ಗಿಡದಿಂದಲೇ ಕಡ್ಡಿ ತೆಗೆದು ಬೆಳೆಸಬಹುದು.

ವಿಜಯಪುರ ಜಿಲ್ಲೆಯ ಬೆಳೆಗಾರರು ತೋಟಗಾರಿಕೆ ಇಲಾಖೆ ಹಾಗೂ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ತಜ್ಞರಿಗೆ ಇಂತಹ ದಾಖಲೆಗಳೊಂದಿಗೆ ಮಾದರಿಗಳನ್ನು ತೋರಿಸಬಹುದು.

## ಡಿಎನ್‌ಎ ಪರೀಕ್ಷೆ

ನಿಕಟ ತಳಿಗಳನ್ನು ಬೇರ್ಪಡಿಸಲು ಡಿಎನ್‌ಎಯಲ್ಲಿ ಪುನರಾವರ್ತಿಸುವ ಚಿಕ್ಕ ಸರಣಿಗಳನ್ನು ಹೋಲಿಸುವ ವಿಧಾನ ಬಳಕೆಯಲ್ಲಿದೆ. 2017ರಲ್ಲಿ ಜಪಾನಿನ ಸಂಶೋಧಕರು ಹೊರಾಯ್‌ಶಿ ಎಂಬ ತಳಿಯ ಜೀನೋಮ್ ಅನುಕ್ರಮವನ್ನು ಪ್ರಕಟಿಸಿದರು. ಡಿಎನ್‌ಎ ಪರೀಕ್ಷೆಯು ಎರಡು ಮಾದರಿಗಳು ಒಂದೇ ತಳಿಯವೋ ಅಲ್ಲವೋ ಎಂದು ಹೇಳಬಲ್ಲದು. ಆದರೆ ತಳಿಯ ಹೆಸರು ಹೇಳಲು ಖಚಿತ ಹೆಸರಿನ ಗಿಡದ ಮಾದರಿ ಹೋಲಿಕೆಗೆ ಇರಲೇಬೇಕು. ಒಂದು ಟೊಂಗೆಯಲ್ಲಿ ಮಾತ್ರ ಉಂಟಾದ ಮೊಗ್ಗಿನ ಬದಲಾವಣೆಯಿಂದ ಹುಟ್ಟಿದ ತಳಿಗಳನ್ನು ಈ ಪರೀಕ್ಷೆಯು ಮೂಲ ತಳಿಯಿಂದ ಬೇರ್ಪಡಿಸದೆ ಇರಬಹುದು.

## ಎಚ್ಚರಿಕೆ

ಅಂಜೂರದ ಎಲೆ ಮತ್ತು ಹಸಿ ಕಾಯಿಯ ಹಾಲಿನಲ್ಲಿ ಸೋರಲಿನ್‌ನಂತಹ ರಾಸಾಯನಿಕಗಳಿವೆ. ಈ ಹಾಲು ತಾಗಿದ ಚರ್ಮದ ಮೇಲೆ ಬಿಸಿಲು ಬಿದ್ದಾಗ ಉರಿ, ಗುಳ್ಳೆ ಮತ್ತು ಕಪ್ಪು ಕಲೆ ಉಂಟಾಗಬಹುದು. ಮಾದರಿ ಸಂಗ್ರಹಿಸುವಾಗ ಕೈಗವಸು ಮತ್ತು ಪೂರ್ಣ ತೋಳಿನ ಅಂಗಿ ಧರಿಸಬೇಕು. ಹಾಲು ತಾಗಿದ ಕೂಡಲೇ ಸಾಬೂನಿನಿಂದ ತೊಳೆದು, ಆ ಭಾಗವನ್ನು ಬಿಸಿಲಿಗೆ ಒಡ್ಡದಂತೆ ನೋಡಿಕೊಳ್ಳಬೇಕು.